ಕೆಂಪು ಚೌಕಳಿ ಡಬ್ಬಿ

ಅಜ್ಜಿಯ ಬಲಗೈ ಹೆಬ್ಬೆರಳು ಬುಡದಲ್ಲಿ ಊದಿಕೊಂಡು ಹೊರಕ್ಕೆ ಬಾಗಿತ್ತು. ಉಳಿದ ಬೆರಳುಗಳು ಗೆಣ್ಣುಗೆಣ್ಣಿಗೂ ದಪ್ಪವಾಗಿ ಶುಂಠಿ ಕೊಂಬಿನ ಹಾಗಿದ್ದವು. ಜಾಮ್ ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಅದನ್ನು ಹಿಡಿದುಕೊಂಡು ಹಿಮದಲ್ಲಿ ನಡೆದು ನಮ್ಮ ಮನೆಯ ಬಾಗಿಲಿಗೆ ಬರುತ್ತಿದ್ದರು. ಆದರೆ ಒಲೆಯ ಮುಂದೆ ನಿಂತು ಆ ಕೈಗೊಂದು ಮರದ ಕೋಲು ಸಿಕ್ಕಿತೆಂದರೆ ನೋವೆಲ್ಲ ಎಲ್ಲಿಗೆ ಹೋಗುತ್ತಿತ್ತೋ ಕಾಣೆ. ನಮ್ಮ ಕಡೆಯ ಮುದ್ದೆ ಕೋಲಿಗಿಂತ ಸಣ್ಣದು. ಅದರಲ್ಲಿ ಓಟ್ಸ್ ಗಂಜಿಯನ್ನು ಬಲಕ್ಕೇ ತಿರುವಬೇಕು, ಎಡಕ್ಕೆ ತಿರುವಿದರೆ ಸೈತಾನ ಮನೆ ಹೊಗುತ್ತಾನೆ ಎನ್ನುತ್ತಿದ್ದರು. ಅದನ್ನೆಲ್ಲ ನಂಬುತ್ತೀರಾ ಎಂದು ಕೇಳಿದರೆ ನಗುತ್ತಿದ್ದರು. ಆದರೆ ಒಂದು ದಿನವೂ ಎಡಕ್ಕೆ ತಿರುವಿದ್ದನ್ನು ನಾನು ಕಂಡಿಲ್ಲ.

ಮಿಷಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆ ಅವರದು. ಹುಟ್ಟಿದ್ದು ಸ್ಕಾಟ್ಲೆಂಡಿನ ಪೂರ್ವ ತೀರದ ಒಂದು ಮೀನುಗಾರರ ಊರಿನಲ್ಲಿ. ಗಂಡನಿಗೆ ಡೆಟ್ರಾಯಿಟ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ನನ್ನ ಮಗಳು ಅವರನ್ನು ಗ್ರ್ಯಾನಿ ಎನ್ನುತ್ತಿದ್ದಳು. ನಾನು ಅಜ್ಜಿ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ‘ಹೆನ್’ ಎನ್ನುತ್ತಿದ್ದರು. ಇದೇನು, ನನ್ನನ್ನು ಕೋಳಿ ಎನ್ನುತ್ತಾರಲ್ಲ ಎಂದು ಮೊದಲು ಕಸಿವಿಸಿಯಾಗಿತ್ತು. ನಾವು ‘ಪುಟ್ಟಿ’ ಎಂದ ಹಾಗೆ ಅವರ ಕಡೆ ಅದು ಪ್ರೀತಿಯ ಕರೆ ಎಂದು ಆಮೇಲೆ ತಿಳಿಯಿತು. ಅವರ ಇಂಗ್ಲಿಷು ನನ್ನ ಕಿವಿಗೆ ಹತ್ತುವುದಕ್ಕೇ ಆರು ತಿಂಗಳು ಬೇಕಾಯಿತು. ಇಲ್ಲಿ ಅದನ್ನು ನನ್ನ ಮೈಸೂರು ಕನ್ನಡದಲ್ಲೇ ಬರೆಯುತ್ತೇನೆ.

ನನ್ನ ಭಯದ ವಿಷಯ ಮೊದಲೇ ಹೇಳಿಬಿಡಬೇಕು. ಮಗಳಿಗೆ ಎರಡು ವರ್ಷವಿದ್ದಾಗ ಇಡ್ಲಿಗೆ ಒಂದು ಚಮಚ ಕಡಲೆಕಾಯಿ ಚಟ್ನಿ ಹಾಕಿ ತಿನ್ನಿಸಿದ್ದೆ. ಐದು ನಿಮಿಷದಲ್ಲಿ ಅವಳ ಮುಖ ನನಗೇ ಗುರುತು ಸಿಗದಷ್ಟು ಊದಿತು. ಉಸಿರು ಸಿಳ್ಳೆ ಹಾಕತೊಡಗಿತು. ಆವತ್ತು ಬದುಕಿಕೊಂಡಳು. ಆದರೆ ಕಡಲೆಕಾಯಿ ತಿನ್ನಲೇಬೇಕೆಂದಿಲ್ಲ, ಪಾತ್ರೆಗೆ ಅಂಟಿದ ಪುಡಿ ಸಾಕು ಎಂದು ಡಾಕ್ಟರು ಹೇಳಿದ ಮೇಲೆ ನಾನು ಒಂದು ತುತ್ತನ್ನೂ ನೆಮ್ಮದಿಯಿಂದ ನೋಡಿಲ್ಲ. ನಮ್ಮವರ ಮನೆಯ ಊಟವೆಂದರೆ ಇನ್ನೂ ಕಷ್ಟ. ಚಿತ್ರಾನ್ನ, ಪುಳಿಯೋಗರೆ, ಕೋಸಂಬರಿಯ ಪಕ್ಕದ ಚಟ್ನಿಪುಡಿ, ಎಲ್ಲದರಲ್ಲೂ ಅದೇ ಬೀಜ. ಸತ್ಯನಾರಾಯಣ ಪೂಜೆಗೆ ಕರೆದರೆ ಮಗಳನ್ನು ಕಾರಿನಲ್ಲೇ ಕೂರಿಸಿ, ನಾನೊಬ್ಬಳೇ ಹೋಗಿ ಆರತಿ ತಗೊಂಡು ಓಡಿಬಂದದ್ದುಂಟು. ಆಂಟಿಯರು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದದ್ದೂ ಗೊತ್ತಿತ್ತು.

ಅಜ್ಜಿ ಮೊದಲ ಸಲ ಚಹಾಕ್ಕೆ ಕರೆದಾಗ ಹೋಗುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಹೋದವಳು ನಾಚಿಕೆ ಬಿಟ್ಟು ಹಿಟ್ಟಿನ ಚೀಲ, ಬೆಣ್ಣೆಯ ಕಾಗದ ಎಲ್ಲ ಕೇಳಿ ಓದಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. ಮುಂದಿನ ಶನಿವಾರ ಹೋದಾಗ ಮೇಜಿನ ಮೇಲೆ ಅಂದಿನ ಅಡುಗೆಗೆ ಬಳಸಿದ ಒಂದೊಂದು ಪೊಟ್ಟಣವನ್ನೂ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ತಮ್ಮ ಭೂತಗನ್ನಡಿ ಇಟ್ಟಿದ್ದರು.

“ನಿಧಾನವಾಗಿ ಓದು ಹೆನ್,” ಎಂದರು. “ಚಹಾಕ್ಕೇನು, ಇನ್ನೊಂದು ಸಲ ಮಾಡೋಣ.”

ಹೀಗೆ ಮಿಷಿಗನ್ನಿನ ಬಡಾವಣೆಯೊಂದರಲ್ಲಿ, ಎರಡು ಡ್ರೈವ್‌ವೇ ದಾಟಿ, ನಾನು ಶನಿವಾರ ಶನಿವಾರ ಸ್ಕಾಟ್ಲೆಂಡಿಗೆ ಹೋಗಿ ಬರುತ್ತಿದ್ದೆ. ಉಪ್ಪು ಹಾಕಿದ ಬಿಸಿ ಗಂಜಿ ಒಂದು ಬಟ್ಟಲಲ್ಲಿ, ತಣ್ಣನೆಯ ಕೆನೆ ಇನ್ನೊಂದರಲ್ಲಿ. ಪ್ರತಿ ಚಮಚವನ್ನೂ ಕೆನೆಯಲ್ಲಿ ಅದ್ದಿ ತಿನ್ನಬೇಕು. ಸಕ್ಕರೆ ಕೇಳಿದರೆ ನನ್ನ ಗಂಡನನ್ನು ಕೂಡ ಬೈಯುತ್ತಿದ್ದರು. ಓಟ್ಸ್ ಹಿಟ್ಟಿನ ಗರಿಗರಿ ಬಿಲ್ಲೆ ನಮ್ಮ ಕಟಕಲು ರೊಟ್ಟಿಯ ಹಾಗೆ. ಹಾಲು ಸಕ್ಕರೆ ಬೆಣ್ಣೆ ಕಾಯಿಸಿ ಕತ್ತರಿಸಿದ ಟ್ಯಾಬ್ಲೆಟ್ ಎಂಬುದು ಸ್ವಲ್ಪ ಗಟ್ಟಿಯಾದ ಹಾಲುಖೋವಾ. ಒಣದ್ರಾಕ್ಷಿ ಬೆರೆಸಿದ ಕಣಕವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂರು ಗಂಟೆ ಕುದಿಸಿದ ಕಡುಬು ಒಂದಿತ್ತು. ಅದಕ್ಕೆ ಹಾಕಬೇಕಾದ ಪ್ರಾಣಿ ಕೊಬ್ಬನ್ನು ನಮಗೋಸ್ಕರ ಬಿಟ್ಟು ಬೆಣ್ಣೆ ಹಾಕುತ್ತಿದ್ದರು. ಬಾದಾಮಿ ಹಾಕುವ ಕೇಕುಗಳನ್ನು ಆ ಮನೆಯಲ್ಲಿ ಮಾಡುವುದನ್ನೇ ನಿಲ್ಲಿಸಿಬಿಟ್ಟರು. ಕುರಿಯ ಹೊಟ್ಟೆಯೊಳಗೆ ಅದರದೇ ಮಾಂಸ ತುಂಬಿ ಬೇಯಿಸುವ ಹ್ಯಾಗಿಸ್ ವಿಷಯ ಹೇಳಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಮರುವಾರ ಬೇಳೆ, ಓಟ್ಸ್, ಮೆಣಸಿನಪುಡಿ ಹಾಕಿ ನನಗೆಂದೇ ಒಂದು ಮಾಡಿದರು. ಕಣ್ಣು ಮುಚ್ಚಿಕೊಂಡು ತಿಂದೆ. ಚೆನ್ನಾಗಿತ್ತು. ವಿಸ್ಕಿಯ ಲೋಟವನ್ನು ಮಾತ್ರ ಮೂಸಿ ನೋಡಿ ಹಿಂದಕ್ಕೆ ತಳ್ಳಿದೆ, ನನ್ನ ಗಂಡನಿಗೆ ಆ ಹೆದರಿಕೆಯೂ ಇರಲಿಲ್ಲ.

ಅಲರ್ಜಿಯಾದರೆ ತೊಡೆಗೆ ಚುಚ್ಚುವ ಇಂಜೆಕ್ಷನ್ ಪೆನ್ನು ಸದಾ ನನ್ನ ಬ್ಯಾಗಿನಲ್ಲಿರುತ್ತಿತ್ತು. ಅದನ್ನು ಬಳಸುವುದನ್ನು ಹೇಳಿಕೊಡು ಎಂದು ಅವರಾಗಿಯೇ ಕೇಳಿದರು. ಅವಧಿ ಮೀರಿದ ಒಂದನ್ನು ಕಿತ್ತಳೆ ಹಣ್ಣಿಗೆ ಚುಚ್ಚಿಸಿ ತೋರಿಸಿದೆ. ಸೂಜಿಯಿಲ್ಲದ ಅಭ್ಯಾಸದ ಪೆನ್ನೊಂದನ್ನು ಕೇಳಿ ಇಟ್ಟುಕೊಂಡು, ಪ್ರತಿ ತಿಂಗಳ ಮೊದಲ ದಿನ ತಮ್ಮ ತೊಡೆಗೇ ಒತ್ತಿ ಮೂರು ಎಣಿಸುತ್ತಿದ್ದರು. ಕೈಗೆ ಮರೆವು ಬರಬಾರದು ಎನ್ನುತ್ತಿದ್ದರು. ಹುಟ್ಟಿದಂದಿನಿಂದ ನನ್ನ ಮಗಳು ಹೊರಗೆ ನಿರ್ಭಯವಾಗಿ ತಿಂದ ಮನೆ ಅದೊಂದೇ.

ನಮ್ಮೆರಡು ಮನೆಗಳ ನಡುವೆ ಓಡಾಡುತ್ತಿದ್ದದ್ದು ಒಂದು ಕೆಂಪು ಚೌಕಳಿ ಡಬ್ಬಿ. ಅದರಲ್ಲಿ ಅವರು ಶಾರ್ಟ್‌ಬ್ರೆಡ್ ಎಂಬ ಬಿಸ್ಕತ್ತು ತುಂಬಿ ಕಳಿಸುತ್ತಿದ್ದರು. ಹಿಟ್ಟು, ಬೆಣ್ಣೆ, ಸಕ್ಕರೆ, ಅಷ್ಟೇ. ಬರೀ ಡಬ್ಬಿ ವಾಪಸು ಕೊಡುವುದು ನಮ್ಮಲ್ಲಿಲ್ಲವಾದ್ದರಿಂದ ನಾನು ಕೋಡುಬಳೆಯೋ ರವೆ ಉಂಡೆಯೋ ಹಾಕಿ ಕೊಡುತ್ತಿದ್ದೆ. ಇದು ಅವರಿಗೆ ಬಹಳ ಹಿಡಿಸಿತ್ತು, ಏಕೆಂದರೆ ಅವರಲ್ಲೂ ಇಂಥದ್ದೊಂದು ಪದ್ಧತಿಯಿತ್ತು. ಹೊಸ ವರ್ಷದಲ್ಲಿ ಹೊಸ್ತಿಲು ದಾಟಿ ಒಳಬರುವ ಮೊದಲ ವ್ಯಕ್ತಿಯ ತಲೆಗೂದಲು ಕಪ್ಪಗಿರಬೇಕು, ಕೈ ಬರಿದಾಗಿರಬಾರದು. ಅವರ ಊರಿನಲ್ಲಿ ನಡುರಾತ್ರಿ ಮಾಡುವ ಶಾಸ್ತ್ರವನ್ನು ನಿದ್ದೆಗೆ ಅಂಜಿ ನಾವು ಬೆಳಗಿನ ಹತ್ತು ಗಂಟೆಗೆ ಇಟ್ಟುಕೊಂಡಿದ್ದೆವು. ನನ್ನ ಕಪ್ಪು ಕೂದಲು, ಒಂದು ತುಂಡು ಇದ್ದಿಲು, ಒಂದು ಹಿಡಿ ಉಪ್ಪು, ತುಂಬಿದ ಡಬ್ಬಿ. ನಾಲ್ಕು ವರ್ಷ ಅವರ ಮನೆಗೆ ಹೊಸ ವರ್ಷವನ್ನು ನಾನೇ ಕರೆದುಕೊಂಡು ಹೋದೆ.

ಐದನೆಯ ವರ್ಷ ಮೈಸೂರಿನಿಂದ ಅಮ್ಮ ಬಂದಿದ್ದಳು. ಡಬ್ಬಿಯನ್ನು ಅವಳೇ ತುಂಬಿಸಿ ಕೈಗಿತ್ತಳು. ಹಿಂದಿನ ದಿನ ರವೆ ಉಂಡೆ ಕಟ್ಟಿದ್ದಳು, ಅದೇ ಇರಬೇಕೆಂದುಕೊಂಡು ನಾನು ಮುಚ್ಚಳ ತೆಗೆದು ನೋಡಲಿಲ್ಲ. ಕೊಟ್ಟು ಬಂದೆ. ಮಧ್ಯಾಹ್ನ ಮಗಳೂ ನಾನೂ ಅಲ್ಲಿಗೆ ಊಟಕ್ಕೆ ಹೋದೆವು. ಅಮ್ಮನಿಗೆ ನೆಗಡಿ ಎಂದು ನನ್ನ ಗಂಡ ಮನೆಯಲ್ಲೇ ಉಳಿದ. ಊಟವಾದ ಮೇಲೆ ಅಜ್ಜಿ ಅದೇ ಡಬ್ಬಿಯಲ್ಲಿ ಬೆಳಿಗ್ಗೆ ಮಾಡಿದ ಶಾರ್ಟ್‌ಬ್ರೆಡ್ ಜೋಡಿಸಿ ಮಗಳ ಮುಂದೆ ಹಿಡಿದರು. ಅವಳು ಎರಡು ತಿಂದಳು.

ಮೊದಲು ಕೆಮ್ಮಿದಳು. ನಾನು ಅವಳ ತುಟಿ ನೋಡಿದೆ. ಕೆಳತುಟಿ ಒಂದು ಕಡೆ ಏಳುತ್ತಿತ್ತು. “ಅಮ್ಮಾ, ಮೈ ಥ್ರೋಟ್ ಫೀಲ್ಸ್ ಫನ್ನಿ,” ಎಂದಳು. ಆರು ವರ್ಷ ಹಗಲೂ ಇರುಳೂ ಈ ಒಂದು ಗಳಿಗೆಗಾಗಿಯೇ ಸಿದ್ಧವಾಗಿದ್ದವಳು ನಾನು. ಬ್ಯಾಗು ತೆರೆದೆ, ಒಳಗಿದ್ದದ್ದೆಲ್ಲ ನೆಲಕ್ಕೆ ಚೆಲ್ಲಿತು, ಪೆನ್ನು ಕೈಗೆ ಬಂತು, ಅಲ್ಲಿಗೆ ನನ್ನ ಕೈಕಾಲು ನಿಂತೇಹೋದವು. ಅದರ ಮುಚ್ಚಳ ಯಾವ ಕಡೆ ಎಂದೇ ತೋಚಲಿಲ್ಲ. ಮಗಳ ಉಸಿರಿನಲ್ಲಿ ಆ ಸಿಳ್ಳೆ ಶುರುವಾಯಿತು. ಅವಳು ನನ್ನನ್ನೇ ನೋಡುತ್ತಿದ್ದಳು.

ಅಜ್ಜಿ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು. ಆ ಹೆಬ್ಬೆರಳಿಂದ ಮುಚ್ಚಳ ತೆಗೆಯಲು ಆಗುವ ಮಾತಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದು ಉಗಿದರು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಪ್ಯಾಂಟಿನ ಮೇಲೇ ತೊಡೆಗೆ ಒತ್ತಿ, ಗಟ್ಟಿಯಾಗಿ ಮೂರು ಎಣಿಸಿದರು. ಆಮೇಲೆ 911ಕ್ಕೆ ಫೋನ್ ಮಾಡಿ ವಿಳಾಸ ಹೇಳಿದ್ದೂ ಅವರೇ. ಆಂಬುಲೆನ್ಸ್ ಬರುವವರೆಗೆ ಅವಳನ್ನು ನೆಟ್ಟಗೆ ಕೂರಿಸಿ ಬೆನ್ನಿಗೆ ಕೈ ಕೊಟ್ಟು ಹಿಡಿದಿದ್ದರು. ನಾನು ನೆಲದ ಮೇಲೆ ಕೂತು, ಬ್ಯಾಗಿನಿಂದ ಚೆಲ್ಲಿದ್ದನ್ನು ಆಯುತ್ತಿದ್ದೆ.

ಆಸ್ಪತ್ರೆಯಲ್ಲಿ ಮಗಳ ಉಸಿರು ಹದಕ್ಕೆ ಬಂತು. ಇನ್ನು ಭಯವಿಲ್ಲ, ಸಂಜೆಯವರೆಗೆ ನೋಡಿ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದರು. ಅಷ್ಟು ಹೊತ್ತಿಗೆ ನನ್ನ ಗಂಡ ಅಜ್ಜಿಯನ್ನು ಕಾರಿನಲ್ಲಿ ಕರೆತಂದಿದ್ದ. ಕಾರಿಡಾರಿನಲ್ಲಿ ಕೋಟು ಕೂಡ ಬಿಚ್ಚದೆ ನನ್ನೆದುರು ನಿಂತು ಹೇಳಿದರು:

“ಹೊಸ ಹಿಟ್ಟು ತಂದಿದ್ದೆ. ಲೇಬಲ್ ಓದ್ಲಿಲ್ಲ. ತಪ್ಪು ನನ್ನದು.”

ಅವರು ಮಗಳನ್ನು ಉಳಿಸಿದವರು ಎಂಬುದು ಆಗ ನನ್ನ ತಲೆಯಲ್ಲಿರಲಿಲ್ಲ. ಭಯವೆಲ್ಲ ಸಿಟ್ಟಾಗಿತ್ತು.

“ನಿಮ್ಮನ್ನ ನಂಬಿದ್ದೇ ನನ್ನ ತಪ್ಪು,” ಎಂದೆ.

ಅವರು ತಲೆಯಾಡಿಸಿದರು. ಕೈಗವಸು ಹಾಕಿಕೊಳ್ಳಲು ಹೋದರು, ಬೆರಳು ಬಾಗದೆ ಸುಮಾರು ಹೊತ್ತು ಹಿಡಿಯಿತು. ನಾನು ನೋಡುತ್ತ ನಿಂತಿದ್ದೆ, ಸಹಾಯ ಮಾಡಲಿಲ್ಲ.

ಆ ಚಳಿಗಾಲ ಪೂರ್ತಿ ಆ ಮನೆಯ ಕಡೆ ತಲೆ ಹಾಕಲಿಲ್ಲ. ಬೆಳಿಗ್ಗೆ ಏಳಕ್ಕೆ ಅವರ ಅಡುಗೆಮನೆಯ ದೀಪ ಹತ್ತುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು, ಪರದೆ ಎಳೆಯುತ್ತಿದ್ದೆ. ಮಗಳು ಗ್ರ್ಯಾನಿ ಎಂದಾಗಲೆಲ್ಲ ಮಾತು ಬದಲಿಸುತ್ತಿದ್ದೆ. ಫೆಬ್ರವರಿ ಕೊನೆಗೆ ಅಮ್ಮ ಊರಿಗೆ ಹೋದಳು. ಮಾರ್ಚಿನಲ್ಲಿ ಒಂದು ಭಾನುವಾರ ವೀಡಿಯೋ ಕಾಲ್‌ನಲ್ಲಿ ಅದೂ ಇದೂ ಮಾತಾಡುತ್ತ ಕೇಳಿದಳು:

“ಅಂದಹಾಗೆ, ಆ ಅಜ್ಜಿಗೆ ಉಂಡೆ ಹಿಡಿಸ್ತಂತಾ? ಕೇಳೋದೇ ಮರ್ತೆ.”

“ರವೆ ಉಂಡೆನಾ?”

“ಅಯ್ಯೋ, ಕಡಲೆಕಾಯಿ ಉಂಡೆ ಕಣೆ. ಅಳಿಯಂದ್ರಿಗೆ ಅಂತ ಸೂಟ್‌ಕೇಸಲ್ಲಿ ತಂದಿದ್ದೆ. ಮಗು ಇರೋ ಮನೇಲಿ ಕಡಲೆಕಾಯಿ ತೆಗೆಯೋ ಹಾಗಿಲ್ಲ ಅಂತಿರ್ತೀಯಲ್ಲ, ಎಸೆಯೋದಕ್ಕೆ ಮನಸ್ಸು ಬರ್ಲಿಲ್ಲ. ಹೇಗೂ ಬರೀ ಡಬ್ಬಿ ಕೊಡೋ ಹಾಗಿಲ್ಲ, ಆ ಮನೇಗೆ ಹೋಗೋದು ತಾನೆ ಅಂತ ತುಂಬಿಬಿಟ್ಟೆ. ಮಗು ಕೈಗೆ ಸಿಕ್ಕಿಲ್ಲ ತಾನೆ, ಬಿಡು.”

ಅಮ್ಮನ ಲೆಕ್ಕದಲ್ಲಿ ತಿಂದರೆ ಮಾತ್ರ ಆಪತ್ತು. ಪುಡಿ ಅಂಟಿದ ಡಬ್ಬಿಯ ವಿಷಯ ಅವಳ ತಲೆಗೆ ಎಂದೂ ಹೊಕ್ಕಿರಲಿಲ್ಲ. ಆ ಡಬ್ಬಿಯನ್ನು ಎದೆಗವಚಿಕೊಂಡು ಹಿಮದಲ್ಲಿ ಜೋಪಾನವಾಗಿ ಹೊತ್ತುಕೊಂಡು ಹೋದವಳು ನಾನೇ.

“ಹಿಡಿಸ್ತಂತೆ ಅಮ್ಮ,” ಎಂದು ಫೋನ್ ಇಟ್ಟೆ.

ಹೋಗಿ ಅಜ್ಜಿಯ ಬಾಗಿಲು ತಟ್ಟಿದೆ. ಬೈದು ಬಾಗಿಲು ಹಾಕಿದರೆ ಏನು ಗತಿ ಎಂಬ ಹೆದರಿಕೆ. ಅವರು ಬಾಗಿಲು ತೆಗೆದು ನನ್ನ ಮುಖ ನೋಡಿದರು.

“ಗೊತ್ತಾಯ್ತಾ?” ಎಂದರು.

ಅವರಿಗೆ ಆವತ್ತೇ ಗೊತ್ತಾಗಿತ್ತು. ನಾವು ಆಂಬುಲೆನ್ಸಿನಲ್ಲಿ ಹೋದ ಮೇಲೆ ಒಬ್ಬರೇ ಅಡುಗೆಮನೆಯಲ್ಲಿ ನಿಂತು ಒಂದೊಂದೇ ಲೆಕ್ಕ ಹಾಕಿದ್ದರು. ಹಿಟ್ಟು ಹಳೆಯದೇ, ಬೆಣ್ಣೆ ಹಳೆಯದೇ. ಸಂಜೆ ಚಹಾಕ್ಕಿರಲಿ ಎಂದು ಉಂಡೆಗಳನ್ನು ತಟ್ಟೆಗೆ ಸುರಿದು ಬೀರುವಿನಲ್ಲಿಟ್ಟಿದ್ದರು. ಭೂತಗನ್ನಡಿ ಹಿಡಿದು ನೋಡಿದರೆ ಕಡಲೆಕಾಯಿ ಚೂರು; ನಾನು ಅದನ್ನು ಹಾಕುವವಳಲ್ಲ, ಅಮ್ಮನದೇ ಇರಬೇಕು ಎಂದು ತಿಳಿದುಕೊಂಡರು. ನನ್ನ ಗಂಡ ಕಾರು ತರುವಷ್ಟರಲ್ಲಿ ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದ್ದರು.

“ನಿಮ್ಮನೆಯಿಂದ ಬಂದ ಡಬ್ಬಿ ಅಂತ ತೊಳೀಲಿಲ್ಲ, ಬಟ್ಟೇಲಿ ಒರೆಸಿದೆ ಅಷ್ಟೇ. ಅಷ್ಟರ ಮಟ್ಟಿಗೆ ತಪ್ಪು ನನ್ನದೇ.”

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಕೆಟಲ್‌ಗೆ ನೀರು ತುಂಬಿಸುತ್ತ, ನನ್ನ ಕಡೆ ತಿರುಗದೆ ಹೇಳಿದರು:

“ನೀನು ಹೆದರಿದ್ರೆ ಕಚ್ಚೋಳು, ಹೆನ್. ನನ್ನ ಕಚ್ಚಿದ್ರೆ ನಾನು ಬಾಗಿಲು ಹಾಕ್ಕೊಂಡು ಇಲ್ಲಿರ್ತೀನಿ. ನಿಮ್ಮಮ್ಮ ಇನ್ನೂ ಏಳೆಂಟು ವಾರ ನಿನ್ನ ಮನೇಲೇ ಇರಬೇಕಿತ್ತು. ಎಲ್ಲಿಗೆ ಹೋಗ್ತಿದ್ರು?” ಕೆಟಲ್ ಒಲೆಯ ಮೇಲಿಟ್ಟು, “ಈಗಲೂ ಅಮ್ಮನಿಗೆ ಹೇಳ್ಬೇಡ,” ಎಂದರು.

ನಾನು ಅಲ್ಲೇ ಮೇಜಿಗೆ ತಲೆಯಿಟ್ಟು ಅತ್ತೆ. ಕ್ಷಮಿಸಿ ಎಂದೆ. ಅವರು ಚಹಾ ಸುರಿದು, ಹಾಲಿನ ಬಾಟಲಿ ಮುಂದೆ ತಳ್ಳಿ, ಮುಚ್ಚಳ ತೆಗೆದುಕೊಡು ಎಂದರು.

ಅದಾದ ಮೇಲೆ ಎರಡು ಹೊಸ ವರ್ಷ ಸಿಕ್ಕವು. ಎರಡನೆಯದರ ಹೊತ್ತಿಗೆ ಅವರು ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿನಲ್ಲಿದ್ದರು. ಆ ಸಲ ಕಪ್ಪು ಕೂದಲಿನ ಮಗಳನ್ನು ಮುಂದೆ ಬಿಟ್ಟು ನಾನು ಹಿಂದೆ ಹೋದೆ. ಇದ್ದಿಲು, ಉಪ್ಪು, ಡಬ್ಬಿ. ಡಬ್ಬಿಯಲ್ಲಿ ಅವರು ಹೇಳಿಕೊಟ್ಟ ಹಾಗೆ ನಾನು ಮಾಡಿದ ಶಾರ್ಟ್‌ಬ್ರೆಡ್ ಇತ್ತು. ಜೊತೆಗೆ ಹಿಟ್ಟಿನ ಚೀಲ, ಬೆಣ್ಣೆಯ ಕಾಗದ ಎಲ್ಲ ಒಯ್ದು ಹಾಸಿಗೆಯ ಮೇಲೆ ಸಾಲಾಗಿ ಜೋಡಿಸಿದೆ. ಅವರು ಅವುಗಳ ಕಡೆ ನೋಡಲೇ ಇಲ್ಲ. ಒಂದು ತುಂಡು ತೆಗೆದುಕೊಂಡು, ಯಾರು ಮಾಡಿದ್ದೆಂದು ಮಗಳನ್ನು ಕೇಳಿದರು. ಅಮ್ಮ ಎಂದಳು.

“ಹಾಗಾದ್ರೆ ತಿನ್ನು,” ಎಂದು ಅವಳ ಬಾಯಿಗಿಟ್ಟರು.

ಫೆಬ್ರವರಿಯಲ್ಲಿ ತೀರಿಕೊಂಡರು. ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು. ಸುದ್ದಿ ಹೇಳಲು ಅಮ್ಮನಿಗೆ ಫೋನ್ ಮಾಡಿದೆ. ಅವಳು ಲೊಚಗುಟ್ಟಿದಳು. ಆಮೇಲೆ, “ಆವತ್ತು ಹಿಟ್ಟು ನೋಡದೆ ಹಾಗೆ ಮಾಡ್ಬಾರ್ದಿತ್ತು ಪಾಪ. ಆದ್ರೂ ಒಳ್ಳೆ ಜೀವ. ನೀನು ಅವರನ್ನ ಕ್ಷಮಿಸಿದೆ ತಾನೆ?” ಎಂದಳು.

“ಹೂಂ ಅಮ್ಮ,” ಎಂದೆ.