ಬಿಸಿಲಿಗಿಟ್ಟ ಕಂಪ್ಯೂಟರ್

ಕಳೆದ ವಾರ ಮುಂಬಯಿಯ ಭಾಂಡುಪಿನ ನಮ್ಮ ಮನೆಯಲ್ಲಿ ಹುಡುಗಿಯರಿಗೆ ಸೋಲ್ಡರಿಂಗ್ ಹೇಳಿಕೊಡುತ್ತಿದ್ದಾಗ ರಾಳ ಸುಟ್ಟ ವಾಸನೆ ಎದ್ದಿತು. ಅದರ ಬೆನ್ನಿಗೇ ನೆನಪಿನಲ್ಲಿ ನಮ್ಮ ಸರ್ ಬಂದು ನಿಂತರು... ನಾನು ಕರೆದಿರಲಿಲ್ಲ.

ನಾನು ಹುಡುಗಿಯಾಗಿದ್ದಾಗ ದಾದರಿನ ಕನ್ನಡ ಸಂಘವೊಂದರ ಹಿಂದಿನ ಕೋಣೆಯಲ್ಲಿ ಅವರು ಭಾನುವಾರಗಳಂದು ತರಗತಿ ನಡೆಸುತ್ತಿದ್ದರು. ಮುಚ್ಚಿದ ಕಾರ್ಖಾನೆಗಳ ಗುಜರಿಯಿಂದ ಹಳೆಯ ಚಿಪ್‌ಗಳನ್ನು ಆಯ್ದು ತಂದು, ಅವುಗಳಿಂದಲೇ ಸರಳವಾದ ಕಂಪ್ಯೂಟರ್ ಕಟ್ಟುವುದನ್ನು ಕಲಿಸುತ್ತಿದ್ದರು. ಚೆನ್ನಾಗಿಯೇ ಕಲಿಸುತ್ತಿದ್ದರು, ಆ ಮಾತನ್ನು ಮುಚ್ಚಿಡಲಾರೆ. ಆದರೆ ಸೋಲ್ಡರಿಂಗ್ ಐರನ್ ಹುಡುಗರ ಕೈಗೆ, ತಂತಿ ಸುಲಿಯುವ ಕೆಲಸ ಹುಡುಗಿಯರಾದ ನಮ್ಮ ಕೈಗೆ. ಚಹಾ ತರಬೇಕಾದವರೂ ನಾವೇ. ನಮ್ಮ ಜೊತೆಗಿದ್ದ, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವರ ಮಗಳಿಗೆ ಬೇರೆಯೇ ಲೋಟ. ಹಿರಿಯರ ರೂಢಿ ಎಂದು ಅದನ್ನು ಸಮರ್ಥಿಸಿದವರಿದ್ದರು. ನಾನು ಅದನ್ನು ಅಸ್ಪೃಶ್ಯತೆ ಎಂದೇ ಬರೆಯುತ್ತೇನೆ.

ಸಂಘದ ವಾರ್ಷಿಕೋತ್ಸವಕ್ಕೆಂದು ಒಂದು ಕಂಪ್ಯೂಟರ್ ಸಿದ್ಧವಾಯಿತು. ಸ್ವಿಚ್ ಒತ್ತಿದರೆ ಪುಟ್ಟ ಪರದೆಯ ಮೇಲೆ ಸ್ವಾಗತದ ಸಾಲು ಮೂಡಬೇಕು. ಅದರ ಪ್ರೋಗ್ರಾಂ ಬರೆದವಳು ನಾನು. ಪ್ರೋಗ್ರಾಂ ಹೊತ್ತ ಆ ಹಳೆಯ ಚಿಪ್ಪಿನ ನೆತ್ತಿಯಲ್ಲಿ ಗಾಜಿನ ಕಿಂಡಿಯಿತ್ತು. ಬಿಸಿಲು ಬೀಳುತ್ತಲೇ ಇದ್ದರೆ ಒಳಗಿನ ಬರಹ ಅಳಿಸಿಹೋಗುತ್ತದೆ. ಆದ್ದರಿಂದ ಕಿಂಡಿಯ ಮೇಲೆ ಚೀಟಿ ಅಂಟಿಸಬೇಕು, ಬರೆದವರ ಹೆಸರು ಆ ಚೀಟಿಯ ಮೇಲಿರಬೇಕು. ನಿಯಮ ಸರ್ ಅವರದೇ. ನಾನು ನನ್ನ ಹೆಸರು ಬರೆದು ಅಂಟಿಸಿದೆ. ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ಎಲ್ಲಿಯೂ ಹೆಸರು ಬರೆದಿರಲಿಲ್ಲ.

ಕೆಲವು ವಾರ ಮೊದಲೇ ಅದನ್ನು ರಸ್ತೆಗೆ ಕಾಣುವಂತೆ ತೆರೆದ ಬಾಲ್ಕನಿಯಲ್ಲಿ ಇಡಲಾಯಿತು. ಪಕ್ಕದ ಫಲಕದಲ್ಲಿ ಹುಡುಗರ ಹೆಸರುಗಳಷ್ಟೇ ಇದ್ದವು. ಚಿಪ್ಪಿನ ಮೇಲಿನ ಚೀಟಿಯನ್ನೂ ಕಿತ್ತಿದ್ದರು. ನಾನು ಸರ್ ಅವರನ್ನು ಕೇಳಿದೆ.

"ಸಂಘದ ಅಧ್ಯಕ್ಷರ ಮಗನ ಹೆಸರು ಉಂಟಲ್ಲ ಅದರಲ್ಲಿ. ನಿನಗೆ ಹೆಸರು ಯಾಕೆ ಮಾರಾಯ್ತಿ? ನಾಳೆ ಮದುವೆಯಾದ್ರೆ ಅದೂ ಬದಲಾಗ್ತದೆ."

ಕೋಣೆಯಲ್ಲಿದ್ದವರು ನಕ್ಕರು. ಹೆಸರಿಲ್ಲದಿದ್ದರೂ ಸರಿ, ಖಾಲಿ ಚೀಟಿಯನ್ನಾದರೂ ಅಂಟಿಸಿ ಎಂದು ಬೇಡಿಕೊಂಡೆ. ಕಿಂಡಿಯೊಳಗಿನ ಹೊಳಪನ್ನು ಜನ ನೋಡಲಿ, ಇಷ್ಟು ಬಿಸಿಲಿಗೆ ಏನೂ ಆಗುವುದಿಲ್ಲ ಎಂದರು ಸರ್. ತಾವೇ ಕಲಿಸಿದ ಪಾಠವನ್ನು ಹುಡುಗಿಯೊಬ್ಬಳ ಬಾಯಿಂದ ಕೇಳಿಸಿಕೊಳ್ಳುವುದು ಅವರಿಂದಾಗಲಿಲ್ಲ.

ವಾರ್ಷಿಕೋತ್ಸವದ ಸಂಜೆ ಅಧ್ಯಕ್ಷರು ಸ್ವಿಚ್ ಒತ್ತಿದರು. ಪರದೆ ಖಾಲಿಯೇ ಉಳಿಯಿತು. ಮತ್ತೆ ಒತ್ತಿದರು... ಸರ್ ಮೈಕ್ ತೆಗೆದುಕೊಂಡು, ಹುಡುಗರದು ಏನೂ ತಪ್ಪಿಲ್ಲ, ಪ್ರೋಗ್ರಾಂ ಬರೆದದ್ದು ಇವಳು ಎಂದು ಕೈ ತೋರಿಸಿ ನನ್ನ ಹೆಸರು ಹೇಳಿದರು. ತುಂಬಿದ ಸಭೆಯಲ್ಲಿ ಸ್ಪಷ್ಟವಾಗಿ, ತಂದೆಯ ಹೆಸರಿನೊಂದಿಗೆ. ಮುಂದಿನ ಸಾಲಿನಲ್ಲಿದ್ದ ಅಪ್ಪ ತಲೆ ತಗ್ಗಿಸಿದರು. ಆ ಕೋಣೆಗೆ ನಾನು ಮತ್ತೆ ಹೋಗಲಿಲ್ಲ.

ಸರ್ ಈಗಿಲ್ಲ. ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಸಂಘದವರು ಕೇಳಿದ್ದಾರೆ. ಹೋದವರನ್ನು ದೂರಬಾರದು ಎಂಬ ಸಭ್ಯತೆಯ ಮರೆಯಲ್ಲಿ ಎಷ್ಟು ಅನ್ಯಾಯಗಳು ಬದುಕಿಕೊಂಡಿವೆ ಎಂಬುದನ್ನು ಬಲ್ಲೆ. ಆ ಸಭ್ಯತೆ ನನಗೆ ಬೇಡ. ಎದುರು ನಿಂತು ಲೆಕ್ಕ ಕೇಳಬೇಕೆಂದಿದ್ದೆ. ಉತ್ತರಿಸಬೇಕಾದವರೇ ಹೊರಟುಹೋದರು. ಅವರಷ್ಟು ಚೆನ್ನಾಗಿ ಕಲಿಸಬಲ್ಲವರು ನನಗೆ ಆಮೇಲೆ ಯಾರೂ ಸಿಗಲಿಲ್ಲ. ಅದಕ್ಕೂ ನಾನು ಅವರನ್ನು ಕ್ಷಮಿಸಿಲ್ಲ.