ತಗಡಿನ ನಟ್ಟನಡುವಿನ ತೂತು

ಅಣ್ಣ ಮಾಡಿದ ಬಂದೂಕುಗಳನ್ನು ಹೊಡೆದು ನೋಡುವ ಕೆಲಸ ಹನ್ನೊಂದು ವರ್ಷ ನನ್ನದಾಗಿತ್ತು. ನಾನು ಹೊಡೆದದ್ದು ಒಂದೇ ಸಲ. ಉಳಿದವನ್ನೆಲ್ಲ ಹೊಡೆದೆ ಎಂದು ಸುಳ್ಳು ಹೇಳಿದೆ. ಅಣ್ಣನ ಕಾರ್ಖಾನೆ ಮುಚ್ಚಿತು, ಅವನ ಒಬ್ಬನೇ ಗೆಳೆಯನೂ ದೂರವಾದ. ಆಗಲೂ ನಾನು ಬಾಯಿ ಬಿಡಲಿಲ್ಲ.

ಕಾರ್ಖಾನೆ ಎಂದರೆ ಕೊಪ್ಪಳದ ನಮ್ಮ ಮನೆಯ ಮುಂದಿನ ತಗಡಿನ ಶೆಡ್ಡು, ಒಂದು ಲೇತು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಸರ್ಕಾರದ ಲೈಸೆನ್ಸು, ಅಷ್ಟೇ. ಬೆಳೆ ಕಾಯಲು ಪರವಾನಗಿ ಪಡೆದ ರೈತರು ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದು ಒಂಟಿ ನಳಿಗೆಯ ಬಂದೂಕು ಮಾಡಿಸಿಕೊಂಡು ಹೋಗುತ್ತಿದ್ದರು.

ನಮ್ಮ ಅಪ್ಪನದೊಂದು ಕಟ್ಟಳೆ ಇತ್ತು. "ಮಾಡಿದವ ಹೊಡದು ನೋಡಬಾರದು. ಅವನ ಕೈ ತಾ ಮಾಡಿದ ಸೊಟ್ಟಕ್ಕ ತಾನ ಹೊಂದಿಕೊಂತೈತಿ. ಬ್ಯಾರೇದವರ ಕೈ ಬೇಕು" ಅನ್ನುತ್ತಿದ್ದ. ಅಜ್ಜ ಮಾಡಿದ್ದನ್ನು ಅಪ್ಪ ಹೊಡೆದ, ಅಪ್ಪ ಮಾಡಿದ್ದನ್ನು ಅಣ್ಣ ಹೊಡೆದ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಕೈ ನನ್ನದೊಂದೇ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳನ್ನು ಅಲ್ಲಿಯವರೆಗೆ ಯಾರೂ ಯಾವುದಕ್ಕೂ ಕೇಳಿರಲಿಲ್ಲ. ಅಣ್ಣ ಕೇಳಿದ ಕೂಡಲೇ ಹೂಂ ಅಂದುಬಿಟ್ಟೆ.

ಊರಾಚೆ ಹಾಳುಬಿದ್ದ ಕಲ್ಲಿನ ಕ್ವಾರಿಯೊಂದಿದೆ. ಅಲ್ಲಿ ಬಂಡೆಗೆ ತಗಡು ಆನಿಸಿ ಹೊಡೆಯಬೇಕು. ಅಣ್ಣ ಮೇಲೆ ರಸ್ತೆಯ ಬೇವಿನ ಮರದ ಕೆಳಗೆ ಕೂತಿರುತ್ತಿದ್ದ. ಮಾಡಿದವನು ಹತ್ತಿರವೂ ನಿಲ್ಲಬಾರದಲ್ಲ. ಮೊದಲನೆಯ ಸಲ ಬಂದೂಕಿನ ಕುದುರೆ ಎಳೆದೆ. ಕಣ್ಣು ತೆರೆದಾಗ ಕೆಸರಿನಲ್ಲಿ ಕೂತಿದ್ದೆ. ಗುಂಡು ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಮೂರು ದಿನ ಅವ್ವ ಏನು ಮಾತಾಡಿದರೂ ಕುಕ್ಕರಿನ ಸೀಟಿಯಂತೆ ಕೇಳುತ್ತಿತ್ತು.

ಎರಡನೆಯ ಬಂದೂಕಿಗೆ ಉಪಾಯ ಹುಡುಕಿದೆ. ದೀಪಾವಳಿಯಲ್ಲಿ ವರ್ಷಕ್ಕಾಗುವಷ್ಟು ಆಟಂ ಬಾಂಬು ತಂದು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟೆ. ಕ್ವಾರಿಯಲ್ಲಿ ಬಂದೂಕನ್ನು ಮೆತ್ತಗೆ ಮಲಗಿಸಿ, ಕಿವಿಗೆ ಅರಳೆ ತುರುಕಿಕೊಂಡು, ಉದ್ದ ಕೋಲಿಗೆ ಊದುಬತ್ತಿ ಕಟ್ಟಿ ಬಾಂಬಿಗೆ ಹಚ್ಚುತ್ತಿದ್ದೆ. ಬಾಂಬಿಗೂ ನನಗೆ ಅಂಜಿಕೆಯೇ. ಆದರೆ ಅದಕ್ಕೆ ಬತ್ತಿ ಇರುತ್ತದೆ, ಓಡಲು ಹೊತ್ತು ಕೊಡುತ್ತದೆ. ಸದ್ದು ಇನ್ನೂ ಕ್ವಾರಿಯೊಳಗೆ ತಿರುಗಾಡುತ್ತಿರುವಾಗಲೇ ಉಳಿ ಇಟ್ಟು ತಗಡಿಗೆ ಒಂದೇ ಏಟು. ನಟ್ಟನಡುವೆ ತೂತು. ಕೊನೆಗೆ ಬಾಂಬಿನ ಮಸಿಯನ್ನು ನಳಿಗೆಯ ಬಾಯಿಗೆ ಒರೆಸಿದರೆ ಮುಗಿಯಿತು.

ಒಮ್ಮೆ ಅವಸರದಲ್ಲಿ ತಗಡಿನ ಹಿಂದಿನಿಂದ ಹೊಡೆದುಬಿಟ್ಟೆ. ಅಣ್ಣ ತೂತಿನ ಅಂಚು ಸವರಿ ನೋಡಿದ.

"ಗುಂಡು ಬಂಡೆ ಕಡಿಂದ ಈ ಕಡೆ ಬಂದಂಗೈತಲ್ಲಬೇ?"

"ಬಂಡೆಗೆ ಬಡದು ಹೊಳ್ಳಿ ಬಂತಣ್ಣ."

"ಹೊಳ್ಳಿ ಬಂದರೂ ನಡುವ ಬಂದೈತಿ ನೋಡು!" ಎಂದು ಹೆಮ್ಮೆಪಟ್ಟ. ಅಣ್ಣ ನನ್ನನ್ನು ಅಷ್ಟು ನಂಬುತ್ತಿದ್ದ.

ಬಂದೂಕು ಹೊಡೆಯುವ ಹೆಂಗಸು ಎಂದು ಹೆಸರಾಯಿತು. ಮದುವೆಯಾಗಿ ಎರಡು ಓಣಿ ಆಚೆ ಹೋದರೂ ಕೆಲಸ ತಪ್ಪಲಿಲ್ಲ; ಅತ್ತೆ ಕೂಡ ನನಗೆ ಎದುರಾಡುತ್ತಿರಲಿಲ್ಲ. ಮಹಿಳಾ ಸಂಘದವರು ಕರೆದು ಶಾಲು ಹೊದಿಸಿದರು. ಅಲ್ಲಿ ಒಂದು ಬಲೂನು ಒಡೆದಾಗ ನಾನು ಅಧ್ಯಕ್ಷೆಯ ಬೆನ್ನ ಹಿಂದೆ ಅಡಗಿದೆ. ಅದನ್ನು ಅವರು ನನ್ನ ಸಂಕೋಚ ಅಂದುಕೊಂಡರು.

ಅಣ್ಣನ ಕೈ ಚೊಕ್ಕ ಇದ್ದದ್ದರಿಂದ ಬಹಳ ವರ್ಷ ಏನೂ ಆಗಲಿಲ್ಲ. ಆಮೇಲೆ, ನಳಿಗೆಯ ತುದಿಗೆ ಗುರಿಯ ಮಣಿ ಕೂಡಿಸುವ ಹಳೆಯ ಅಚ್ಚು ಮುರಿಯಿತು. ಅಣ್ಣ ಹೊಸದು ಮಾಡಿಕೊಂಡ.

ಒಂದೆರಡು ತಿಂಗಳಲ್ಲಿ ಅಳವಂಡಿಯಿಂದ ಅಣ್ಣನ ಗೆಳೆಯ ತಾನು ಹೊಸದಾಗಿ ಮಾಡಿಸಿಕೊಂಡಿದ್ದ ಬಂದೂಕು ಹೊತ್ತುಕೊಂಡು ಬಂದ. ಇಬ್ಬರೂ ಕೂಡಿ ಸಾಲಿ ಕಲಿತವರು. ಸಂತೆಯ ದಿನ ಒಂದೇ ತಟ್ಟೆಯಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದರು.

"ದೋಸ್ತ, ಎಡಕ್ಕ ಹಂದಿ, ಬಲಕ್ಕ ನನ್ನ ನೀರಿನ ಟಾಕಿ. ಹಂದೀಗೆ ಗುರಿ ಇಟ್ಟರ ಗುಂಡು ಟಾಕೀಗೆ ಬಡೀತು. ಹಂದಿ ಓಡಲೂ ಇಲ್ಲೋ! ನಿಂತು ನೀರು ಕುಡದು ಹೋತು."

ಅಣ್ಣ ನಗಲಿಲ್ಲ. ಅವನನ್ನು ಕ್ವಾರಿಗೆ ಕರೆದೊಯ್ದು, ಅಪ್ಪನ ಕಟ್ಟಳೆ ಮುರಿದು ತಾನೇ ಹೊಡೆದ. ನಟ್ಟನಡುವೆ ಬಿತ್ತು. "ನಾ ಹೊಡದರೂ ನಡುವ, ನನ್ನ ತಂಗಿ ಹೊಡದರೂ ನಡುವ. ಸೊಟ್ಟ ಇರೂದು ನಿನ್ನ ಕೈ."

"ಹಂಗಾದರ ನಿನ್ನ ಬಂದೂಕು ನೀನ ಇಟ್ಕೊ" ಎಂದು ಗೆಳೆಯ ಅದನ್ನು ಅಲ್ಲೇ ಬಿಟ್ಟು ಹೋದ. ಮತ್ತೆ ಬರಲಿಲ್ಲ. ಅಣ್ಣ ಮಿರ್ಚಿ ತಿನ್ನುವುದನ್ನೇ ಬಿಟ್ಟ.

ಅವತ್ತು ಸಂಜೆ ಶೆಡ್ಡಿನಲ್ಲಿ ನಾನು ಆ ಬಂದೂಕನ್ನು ಎತ್ತಿ ನೋಡಿದೆ. ಮಣಿ ಒಂದು ಜೋಳದ ಕಾಳಿನಷ್ಟು ಎಡಕ್ಕೆ ಕೂತಿತ್ತು; ಅದನ್ನು ನಂಬಿ ಗುರಿಯಿಟ್ಟರೆ ಗುಂಡು ಬಲಕ್ಕೆ ಹೋಗುತ್ತದೆ. ಅಣ್ಣನ ಕೈ ಅದಕ್ಕೆ ಹೊಂದಿಕೊಂಡಿತ್ತು. ಆ ಸೊಟ್ಟವನ್ನು ಕಂಡುಹಿಡಿಯಲೆಂದೇ ಇನ್ನೊಂದು ಕೈ ಬೇಕಾಗಿತ್ತು. ಹೇಳಲು ಹೊರಟೆ. ಗೋಡೆಯ ಮೇಲೆ ಶಾಲು ಹೊದ್ದ ನನ್ನ ಫೋಟೋ ಕಂಡಿತು. ತಿರುಗಿ ಬಂದೆ.

ಆಮೇಲೆ ಕುಕನೂರಿನವನೊಬ್ಬ ಮಂಗನಿಗೆ ಗುರಿಯಿಟ್ಟು ಪಂಪಿನ ಸ್ಟಾರ್ಟರು ಒಡೆದ. ಅಣ್ಣ ಅವನಿಗೂ ಕೈ ಸೊಟ್ಟ ಅಂದ. ಚಹಾದಂಗಡಿಯಲ್ಲಿ ಒಂದು ಮಾತು ಹುಟ್ಟಿತು: "ಅವರ ಬಂದೂಕು ನಿನ್ನ ಕಡೆ ತಿರುಗಿದರ ಸುಮ್ಮನ ನಿಲ್ಲು, ಬಾಜೂದವ ಓಡಲಿ." ಗಿರಾಕಿಗಳು ಬರುವುದು ನಿಂತಿತು. ಅಣ್ಣ ಲೈಸೆನ್ಸು ತಿರುಗಿ ಕೊಟ್ಟು ಬಂದ.

ಯಾಕೆ ಮುಚ್ಚಿದಿರಿ ಎಂದು ಯಾರಾದರೂ ಕೇಳಿದರೆ ಅಣ್ಣನ ಹತ್ತಿರ ಕಾರಣಗಳಿಗೆ ಕಡಿಮೆಯಿಲ್ಲ. ಒಮ್ಮೆ ಕೊಂಡ ಬಂದೂಕು ಮೊಮ್ಮಗನ ಕಾಲಕ್ಕೂ ಸವೆಯುವುದಿಲ್ಲ, ಕೊಂಡವನು ಮತ್ತೆ ಬರುವುದಿಲ್ಲ. ಇಲೆಕ್ಷನ್ ಬಂದಾಗಲೆಲ್ಲ ಊರಿನ ಬಂದೂಕೆಲ್ಲ ಪೊಲೀಸ್ ಠಾಣೆಯಲ್ಲಿ. ಹೊಸ ಪರವಾನಗಿ ಸಿಗುವುದಿಲ್ಲ. ಹೊಲಕ್ಕೆ ಸೋಲಾರ್ ತಂತಿಬೇಲಿ ಬಂದಿದೆ. ಇವೆಲ್ಲ ಖರೆ. ಇವುಗಳಿಂದಲೇ ಇನ್ನು ಹತ್ತು ವರ್ಷಕ್ಕೆ ಮುಚ್ಚುತ್ತಿತ್ತೇನೋ. ಅಷ್ಟು ಮೊದಲೇ ಮುಚ್ಚಿಸಿದವಳು ನಾನು.

ಈಗ ಅದೇ ಶೆಡ್ಡಿನಲ್ಲಿ ಅಣ್ಣ ಕಬ್ಬಿಣದ ಗೇಟು ಮಾಡುತ್ತಾನೆ. ಕಟ್ಟಳೆ ಬಿಟ್ಟಿಲ್ಲ. ಪ್ರತಿ ಗೇಟನ್ನು ಶೆಡ್ಡಿನ ಬಾಗಿಲಿಗೆ ಸಿಕ್ಕಿಸಿ ನಾನು ತೆರೆದು ಮುಚ್ಚಿ ನೋಡಬೇಕು. ಗೇಟನ್ನು ಮಾತ್ರ ನಿಜವಾಗಿಯೂ ನೋಡುತ್ತೇನೆ.

ಹೋದ ತಿಂಗಳು ಹಾಗೆ ನೋಡುತ್ತಿರುವಾಗ ಅಳವಂಡಿಯ ಗೆಳೆಯ ಬಂದು ನಿಂತ. ನಾಲ್ಕು ವರ್ಷದ ಮೇಲೆ.

"ಹೊಸ ಮನಿ ಕಟ್ಟೀನಿ. ಗೇಟು ನಿನ್ನ ಕೈಯಾಗಿಂದ ಬೇಕು."

ಅಣ್ಣ ತಲೆಯೆತ್ತಲಿಲ್ಲ. "ಬಂದೂಕು ಸರಿ ಇತ್ತು ಅಂತ ಮೊದಲ ಒಪ್ಪು."

"ಹೆಂಗ ಒಪ್ಪಲಿ? ಟಾಕಿ ಇನ್ನೂ ಸೋರಾಕತ್ತೈತಿ."

"ಹೊಡದಾಕಿ ಇಲ್ಲೇ ಅದಾಳ. ಹೇಳಬೇ, ಹೇಳು ಇವಗ!"

ನಾನು ಗೇಟನ್ನು ಇನ್ನೊಮ್ಮೆ ಮುಚ್ಚಿ ತೆರೆದೆ. ಗೆಳೆಯ ಚಪ್ಪಲಿ ಮೆಟ್ಟಿಕೊಂಡ. ಈ ಸಲ ಹೋದರೆ ಮತ್ತೆ ಬರುವವನಲ್ಲ. ಅಣ್ಣನೂ ವೆಲ್ಡಿಂಗಿನ ಕಪ್ಪು ಗಾಜು ಮುಖಕ್ಕೆ ಹಿಡಿದುಕೊಂಡ. ಕೆಲಸ ಮಾಡಲಿಕ್ಕಲ್ಲ, ಮುಖ ಮುಚ್ಚಲಿಕ್ಕೆ.

ಗೆಳೆಯ ದಾಟುವ ಮೊದಲು ಗೇಟು ಹಾಕಿ ಅಡ್ಡ ನಿಂತೆ.

"ನಾ ಹೊಡದಿಲ್ಲಣ್ಣ. ಮೊದಲನೇದು ಬಿಟ್ಟರ ಒಂದೂ ಹೊಡದಿಲ್ಲ. ಪಟಾಕಿ ಹಾರಿಸಿ, ಉಳೀಲೆ ತೂತು ಹೊಡದೀನಿ. ಮಣಿ ಎಡಕ್ಕಿತ್ತು, ನನಗ ಗೊತ್ತಿತ್ತು. ಇವರ ಕೈ ಸೊಟ್ಟ ಇರಲಿಲ್ಲ. ಸಪ್ಪಳಕ್ಕ ಅಂಜೀನಿ, ಆಮ್ಯಾಲ ಹೇಳಾಕ ಅಂಜೀನಿ. ತಪ್ಪಾತಣ್ಣ. ಅಣ್ಣಾರ, ನಿಮಗೂ ತಪ್ಪಾತ್ರಿ. ನಿಮ್ಮ ಟಾಕೀಗೂ ತಪ್ಪಾತ್ರಿ."