ಅಪ್ಪನ ಕೊರೋನ್

ಕಮ್ಸರ್ ಊರಿನಲ್ಲಿ ಗುಲಾಬಿ ನೀರು ಇಳಿಸುವವರಿಗೆ ಬರವಿಲ್ಲ. ಆದರೆ ಹಂಡೆಯ ಪಕ್ಕ ಸೆತಾರ್ ಎಂಬ ಪುಟ್ಟ ತಂತಿವಾದ್ಯ ಹಿಡಿದು ಹಾಡುತ್ತಿದ್ದವನು ಗಫ್ಫಾರ್ ಒಬ್ಬನೇ. ಮಗಳು ತಹ್ಮೀನೆ ಆ ಹಂಡೆಗಳ ಕುದಿತ, ತೊಟ್ಟಿಕ್ಕುವ ಸದ್ದು ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ, ಎಳೆದು ಹಿಗ್ಗಿಸಿ, ಅದರ ಮೇಲೆ ಅಪ್ಪನ ಹಾಡು ಕೂರಿಸುತ್ತಿದ್ದಳು.

"ನಿನ್ನ ಪೆಟ್ಟಿಗೆಗೆ ನನ್ನ ಕೊರೋನ್ ಸಿಗುತ್ತೇನೇ?" ಎಂದು ಅವನು ಕೆಣಕುತ್ತಿದ್ದ.

ಕೊರೋನ್ ಎಂದರೆ ಎರಡು ಸ್ವರಗಳ ನಡುವೆ ಕೂರುವ ಸ್ವರ. ಒಬ್ಬೊಬ್ಬರದು ಒಂದೊಂದು ಜಾಗ. ಗಫ್ಫಾರನದು ಕೂದಲೆಳೆಯಷ್ಟು ಕೆಳಗೆ. ಅಲ್ಲಿಗೆ ಬಂದಾಗ ಕೇಳುವವರ ಕರುಳು ಕಿತ್ತು ಬರುತ್ತಿತ್ತು.

ಅವನು ತೀರಿಹೋಗಿ ಇಂದಿಗೆ ಮೂವತ್ತೊಂಬತ್ತು ದಿನ. ನಾಳೆ ನಲವತ್ತನೇ ದಿನದ ಸ್ಮರಣೆಗೆ ಬರುವ ನೆಂಟರಿಗೆಲ್ಲ ಅವನ ಹಾಡು ಕೇಳಿಸಬೇಕು. ಹಳೆಯ ಕಂಪ್ಯೂಟರ್ ಕೆಟ್ಟಾಗ ಮಿಕ್ಕವೆಲ್ಲ ಹೋಗಿ ಉಳಿದದ್ದು ಒಂದೇ ರೆಕಾರ್ಡಿಂಗ್, ಅದೂ ಬರೀ ಗೊರಗೊರ. ಹುಡುಗಿಗೆ ಅದೇನು ಮಂಕು ಕವಿದಿತ್ತೋ, ಸದ್ದು ಶುದ್ಧ ಮಾಡಲು ಹೋಗಿ ಸ್ವರ ತಿದ್ದುವ ಗುಂಡಿಯನ್ನೂ ಒತ್ತಿ, ಹಳೆಯದರ ಮೇಲೆಯೇ ಉಳಿಸಿಬಿಟ್ಟಳು. ಪಿಯಾನೋದ ಅಳತೆಯೊಂದೇ ಗೊತ್ತಿದ್ದ ಯಂತ್ರ, ಬಹಳ ಬುದ್ಧಿವಂತ ಯಂತ್ರ, ಅಪಸ್ವರವೆಂದು ತಿಳಿದು ಕೊರೋನನ್ನೆಲ್ಲ ಪಕ್ಕದ ಸ್ವರಕ್ಕೆ ಎತ್ತಿ ಕೂರಿಸಿತ್ತು.

ತಾಯಿ ಇಶ್ರತ್ ಆ ಹಾಡನ್ನು ಕೇಳಿಸಿಕೊಂಡಳು. "ಗಂಟಲು ನಿಮ್ಮಪ್ಪಂದೇ. ಆದ್ರೆ ಇದ್ರಲ್ಲಿ ಅವ್ರಿಲ್ಲ ಕಣೇ."

ತಹ್ಮೀನೆ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಮಧ್ಯಾಹ್ನದವರೆಗೂ ತಡಕಾಡಿದಳು, ಹಳೆಯದು ಸಿಗಲಿಲ್ಲ. ಆಮೇಲೆ ಸೆತಾರ್ ನೆನಪಾಯಿತು. ಅದರ ಕುತ್ತಿಗೆಯ ಮೇಲೆ ಸ್ವರಗಳ ಜಾಗ ಗುರುತಿಸುವ ಮೆಟ್ಟುಗಳು ಕರುಳಿನ ದಾರದವು, ಕಟ್ಟಿದವನು ಸರಿಸಿಟ್ಟಲ್ಲೇ ನಿಲ್ಲುವಂಥವು. ಅಪ್ಪನ ಕೊರೋನ್ ಅಲ್ಲೇ ಕೂತಿರುತ್ತದೆ! ನುಡಿಸಿ ಅಳೆದುಕೊಂಡರೆ ಹಾಡನ್ನು ಮತ್ತೆ ಅಲ್ಲಿಗಿಳಿಸಬಹುದು.

"ಅಮ್ಮಾ, ಅಪ್ಪನ ಸೆತಾರ್ ಎಲ್ಲಿ?"

ಇಷ್ಟು ದಿನಗಳಲ್ಲಿ ಮೊದಲ ಸಲ ಇಶ್ರತಳ ಮುಖ ಅರಳಿತು. ಗೂಡಿನಿಂದ ತಂದು ಮಗಳ ಮಡಿಲಲ್ಲಿಟ್ಟಳು.

"ನಾಳೆ ಕೊಡೋಣ ಅಂತಿದ್ದೆ ನನ್ನ ಜೀವ. ಇನ್ಮೇಲೆ ನೀನೇ ನುಡಿಸ್ಬೇಕು. ಎಷ್ಟು ಸವೆದಿತ್ತು ಗೊತ್ತಾ! ಕಾಶಾನ್ ಪೇಟೇಲಿ ರಿಪೇರಿಯವನ ಹತ್ರ ಒಯ್ದು ಹಳೇ ದಾರ ಎಲ್ಲ ಕೀಳಿಸಿ ಹೊಸದು ಕಟ್ಟಿಸ್ದೆ. ಮರಾನೂ ಉಜ್ಜಿ ಹೊಳಪು ಕೊಟ್ಟ. ಯಂತ್ರ ಇಟ್ಟು ಅಳೆದು ಕಟ್ಟಿದಾನೆ, ಒಂಚೂರೂ ಆಚೀಚೆ ಇಲ್ವಂತೆ."

ತಹ್ಮೀನೆ ಸೆತಾರಿನ ಕುತ್ತಿಗೆಯುದ್ದಕ್ಕೂ ಹೆಬ್ಬೆರಳು ಎಳೆದಳು. ಹಳೆಯ ಗುರುತು ಒಂದೂ ಕೈಗೆ ತಾಗಲಿಲ್ಲ.

"ಚೆನ್ನಾಗಿದೆಯಾ? ಒಂದ್ಸಲ ನುಡಿಸೇ, ಕೇಳ್ತೀನಿ."

ನುಡಿಸಿದರೆ ಇದರಲ್ಲೂ ಅಪ್ಪ ಇಲ್ಲ ಎಂದು ಅಮ್ಮನಿಗೆ ಗೊತ್ತಾಗಿಬಿಡುತ್ತದೆ.

"ನಾಳೆ ನುಡಿಸ್ತೀನಮ್ಮಾ," ಎಂದು ತಂತಿಗಳ ಮೇಲೆ ಅಂಗೈ ಒತ್ತಿ ಹಿಡಿದಳು. ಅಳು ತಡೆಯಲಾಗಲಿಲ್ಲ. ಮಗಳಿಗೆ ಸಂತೋಷವಾಗಿದೆ ಎಂದುಕೊಂಡು ಇಶ್ರತ್ ಅವಳ ತಲೆ ಸವರುತ್ತ ಕೂತಳು.